ಎಸ್ಟೇಟ್ ಜೀಪಿಗೆ 5 ಗೇರ್ ಬಾಕ್ಸ್ ಹಾಕಿಸಬಹುದಾ?

ಪ್ರಶ್ನೆ (ಮೂಡಿಗೆರೆ ಕಡೆಯ ಬೆಳೆಗಾರರು):
ನಮಸ್ಕಾರ ಸಾರ್. ನಮ್ಮ ಹತ್ತಿರ ಹಳೇ ಮಹೀಂದ್ರಾ ಎಂಎಂ540 ಜೀಪು ಇದೆ. ಫೋರ್ ವೀಲ್ ಡ್ರೈವ್, 2112 ಸಿಸಿ ಪೂಜೋ ಡೀಸೆಲ್ ಎಂಜಿನ್, 4 ಗೇರ್. ತೋಟದೊಳಗೆ ಗೊಬ್ಬರ, ಕಾಫಿ ಮೂಟೆ ಸಾಗಿಸುವುದು, ಸಂತೆ ದಿನ ಪೇಟೆಗೆ ಹೋಗಿ ಬರುವುದು, ಇಷ್ಟೇ ಕೆಲಸ. ಈಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೆಕೆಂಡ್ ಗೇರ್ ತಾನಾಗಿಯೇ ಕಳಚಿ ನ್ಯೂಟ್ರಲ್ ಆಗುತ್ತದೆ. ಲಿವರ್ ಒತ್ತಿ ಹಿಡಿದುಕೊಂಡೇ ಇಳಿಸಬೇಕು. ಗ್ಯಾರೇಜಿನವರು, ಈ ಬಾಕ್ಸ್ ಮುಗೀತು, ಗುಜರಿಯಲ್ಲಿ ಬೊಲೆರೋದ 5 ಗೇರ್ ಬಾಕ್ಸ್ ಸಿಗುತ್ತೆ, ಅದನ್ನೇ ಕೂರಿಸೋಣ ಅಂತಾರೆ. ಏನು ಮಾಡಲಿ?

ಉತ್ತರ (ಗೇರ್ ಬಾಕ್ಸ್ ಮೆಕ್ಯಾನಿಕ್):
ಮೊದಲು ಒಂದು ಮಾತು ಸಾರ್. ರಿಪೇರಿ ಆಗುವವರೆಗೆ ಲೋಡ್ ಹಾಕಿಕೊಂಡು ಇಳಿಜಾರಿಗೆ ಇಳಿಸಬೇಡಿ. ಗೇರ್ ಕಳಚಿದರೆ ಎಂಜಿನ್ ಹಿಡಿತ ಹೋಗುತ್ತದೆ, ಆಮೇಲೆ ಇಡೀ ಭಾರ ಬ್ರೇಕ್ ಮೇಲೆ.

ಬಾಕ್ಸ್ ಮುಗೀತು ಅಂತ ಬಿಚ್ಚದೇ ಹೇಳಿದ್ರಾ? ಹಾಗಿದ್ದರೆ ಸ್ವಲ್ಪ ತಡೆಯಿರಿ. ಎಂಜಿನ್ ಮತ್ತು ಗೇರ್ ಬಾಕ್ಸ್ ಮೌಂಟಿಂಗ್ ರಬ್ಬರ್ ಸತ್ತಿದ್ದರೆ, ಕಾಲು ಬಿಟ್ಟಾಗ ಇಡೀ ಸೆಟ್ ಅಲುಗಾಡಿ ಲಿವರ್ ಫ್ಲೋರ್ ತಗಡಿಗೆ ತಾಗುತ್ತದೆ, ಗೇರ್ ಕಳಚುತ್ತದೆ. ಇದಕ್ಕೆ ರಬ್ಬರ್ ಬದಲಾಯಿಸಿದರೆ ಸಾಕು. ಅದು ಸರಿ ಇದ್ದರೆ ಮೇಲಿನ ಕವರ್ ಬಿಚ್ಚಿಸಿ, ಶಿಫ್ಟರ್ ರಾಡ್ ಹಿಡಿದಿಡುವ ಗುಂಡು, ಸ್ಪ್ರಿಂಗ್ ಮತ್ತು ಗೇರ್ ತಳ್ಳುವ ಫೋರ್ಕ್ ಸವೆದಿದೆಯಾ ನೋಡಿಸಿ. ಇದೂ ದೊಡ್ಡ ಖರ್ಚಲ್ಲ. ಇವೆರಡೂ ಸರಿ ಇದ್ದು ಬಾಕ್ಸಿನೊಳಗಿನ ಮೇನ್ ಶಾಫ್ಟ್ ಹಿಂದೆ ಮುಂದೆ ಆಡುತ್ತಿದ್ದರೆ, ಅಥವಾ ಸೆಕೆಂಡ್ ಗೇರಿನ ಪಕ್ಕದ ಸಣ್ಣ ಹಲ್ಲುಗಳು ಉರುಟಾಗಿದ್ದರೆ, ಆಗ ಮಾತ್ರ ಬಾಕ್ಸ್ ಪೂರ್ತಿ ಬಿಚ್ಚುವ ಕೆಲಸ.

ಬೊಲೆರೋ ಬಾಕ್ಸ್ ವಿಷಯಕ್ಕೆ ಬರೋಣ. ಗುಜರಿಗೆ ಬರುವ ಬೊಲೆರೋಗಳಲ್ಲಿ ಟೂ ವೀಲ್ ಡ್ರೈವ್ ಜಾಸ್ತಿ. ಅವುಗಳ ಬಾಕ್ಸಿನ ಹಿಂದಿನ ತುದಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಕೂರಿಸುವ ಜಾಗವೇ ಇರುವುದಿಲ್ಲ, ಶಕ್ತಿ ನೇರ ಹಿಂದಿನ ಆಕ್ಸಲ್ ಕಡೆಗಿನ ಜಾಯಿಂಟ್ ಶಾಫ್ಟ್‌ಗೆ ಹೋಗುತ್ತದೆ. ಅದನ್ನು ಹಾಕಿಸಿದರೆ ನಿಮ್ಮ ಫೋರ್ ವೀಲ್ ಹೋಯಿತು ಅಂತಲೇ ಲೆಕ್ಕ. ಮಳೆಗಾಲದಲ್ಲಿ ಕೆಂಪು ಕೆಸರಿನ ತೋಟದ ರಸ್ತೆಗೆ ಆ ಜೀಪು ಯಾತಕ್ಕೆ? ಫೋರ್ ವೀಲ್ ಬಾಕ್ಸೇ ಸಿಕ್ಕರೂ ಬೆಲ್ ಹೌಸಿಂಗ್ (ಎಂಜಿನ್ನಿಗೆ ಬಾಕ್ಸ್ ಜೋಡಿಸುವ ಕವಚ) ಬೋಲ್ಟ್ ತೂತು, ಎಂಜಿನ್ ಕಡೆಯಿಂದ ಬಾಕ್ಸಿಗೆ ಹೋಗುವ ಟಾಪ್ ಶಾಫ್ಟ್ ಉದ್ದ, ಕ್ಲಚ್ ಪ್ಲೇಟಿನ ಸ್ಪ್ಲೈನ್ ಅಂದರೆ ಒಳಗಿನ ಗೀರುಗಳು, ಫ್ಲೈವೀಲ್ ಬೇರಿಂಗ್ ಅಳತೆ ಎಲ್ಲ ಹೊಂದಬೇಕು. ಬಾಕ್ಸ್ ಉದ್ದವಾದರೆ ಹಿಂದಿನ ಜಾಯಿಂಟ್ ಶಾಫ್ಟ್ ಗಿಡ್ಡ ಮಾಡಬೇಕು, ಮುಂದಿನದು ಉದ್ದ ಮಾಡಬೇಕು. ಜೀಪೇ ಗಿಡ್ಡ, ಶಾಫ್ಟ್ ಇನ್ನೂ ಗಿಡ್ಡ ಆದರೆ ಇಳಿಜಾರು ಕೋನ ಜಾಸ್ತಿಯಾಗಿ ಶಾಫ್ಟ್ ತುದಿಯ ಜಾಯಿಂಟಿನ ಯುಜೆ ಕ್ರಾಸ್ ಪದೇ ಪದೇ ಸವೆಯುತ್ತದೆ. ಇನ್ನೊಂದು, ಜೀಪಿನ ಕೆಳಗೆ ಬಗ್ಗಿ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗುಂಡು ಉಬ್ಬು) ನಡುವೆ ಇದೆಯೋ ಒಂದು ಪಕ್ಕಕ್ಕಿದೆಯೋ ನೋಡಿ. ಹಳೇ ವಿಲ್ಲೀಸ್ ವಂಶದಲ್ಲಿ ಪಕ್ಕಕ್ಕಿರುತ್ತದೆ. ಅದಕ್ಕೆ ನಡುವಿನಿಂದ ಹೊರಡುವ ಟ್ರಾನ್ಸ್‌ಫರ್ ಕೇಸ್ ತಂದರೆ ಶಾಫ್ಟ್ ಅಡ್ಡಕ್ಕೂ ಓರೆಯಾಗುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ನಿಮ್ಮ 4ನೇ ಗೇರ್ ನೇರ ಗೇರ್. 5ನೆಯದು ಅದಕ್ಕಿಂತ ಹಗುರ, ಸಮತಟ್ಟಾದ ಹೈವೇಯಲ್ಲಿ ಎಂಜಿನ್ ಕೂಗು ಇಳಿಸಲು ಇರುವುದು. ಆ ಎಂಜಿನ್ನಿಗೆ ಇರುವುದೇ ಅರವತ್ತು ಚಿಲ್ಲರೆ ಕುದುರೆ ಶಕ್ತಿ. ಚಾರ್ಮಾಡಿ ಘಾಟಿ ಹತ್ತುವಾಗ 5ನೇ ಗೇರ್ ನೆನಪಿಗೂ ಬರುವುದಿಲ್ಲ.

ನಿಮಗೆ ಬೇಕಾದ್ದು ಫಸ್ಟ್ ಗೇರಿನ ಎಳೆತ. ಫಸ್ಟ್ ಗೇರ್, ಟ್ರಾನ್ಸ್‌ಫರ್ ಕೇಸಿನ ಲೋ (ನಿಧಾನದ ಗೇರ್), ಡಿಫರೆನ್ಷಿಯಲ್‌ನ ಕ್ರೌನ್, ಈ ಮೂರರ ಅನುಪಾತ ಗುಣಿಸಿ. ಹಳೇ ವಿಲ್ಲೀಸ್ ಸಿಜೆ3ಬಿ ತಗೊಳ್ಳಿ: 3 ಗೇರಿನ ಟಿ90 ಬಾಕ್ಸಿನ ಫಸ್ಟ್ 2.8, ಲೋ 2.46, ಕ್ರೌನ್ 5.38, ಗುಣಿಸಿದರೆ ಸುಮಾರು 37. ಎಂಜಿನ್ 37 ಸುತ್ತು ತಿರುಗಿದರೆ ಚಕ್ರ 1 ಸುತ್ತು. ಈ ಅಂಕಿ ದೊಡ್ಡದಾದಷ್ಟೂ ಕ್ಲಚ್ ಸುಡದೆ ನಿಧಾನವಾಗಿ ಹತ್ತಬಹುದು, ಬ್ರೇಕ್ ತುಳಿಯದೆ ಇಳಿಯಬಹುದು. ಅಂಗಡಿಯವರ ಮಾತು ನಂಬಬೇಕಿಲ್ಲ. ಬಾಕ್ಸನ್ನು ಫಸ್ಟ್‌ಗೆ ಹಾಕಿ, ಬಾಕ್ಸಿನ ಹಿಂದಿನಿಂದ ಹೊರಬರುವ ಶಾಫ್ಟಿಗೆ ಚಾಕ್‌ಪೀಸ್ ಗುರುತು ಮಾಡಿ, ಅದು ಒಂದು ಸುತ್ತು ಮುಗಿಸಲು ಟಾಪ್ ಶಾಫ್ಟ್ ಎಷ್ಟು ಸುತ್ತು ತಿರುಗಿಸಬೇಕು ಅಂತ ಕೈಯಲ್ಲೇ ಎಣಿಸಿ.

ನನ್ನ ಸಲಹೆ: ಬಾಕ್ಸ್ ಪೂರ್ತಿ ಬಿಚ್ಚಲೇಬೇಕಾದರೆ, ನಿಮ್ಮ ಬಾಕ್ಸನ್ನೇ ಬೇರಿಂಗ್, ಸಿಂಕ್ರೋ ರಿಂಗ್ (ಗೇರ್ ನಯವಾಗಿ ಬೀಳಿಸುವ ಬಳೆ), ಸೀಲ್ ಹಾಕಿ ಕಟ್ಟಿಸಿ. ಕೇಸ್ ಒಡೆದಿದ್ದರೆ ಅದೇ ಮಾದರಿಯ ಇನ್ನೊಂದು ಬಾಕ್ಸ್ ತನ್ನಿ. ಹೇಗೂ ಇಳಿಸುತ್ತೀರಿ, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಆಗಲೇ ನೋಡಿಬಿಡಿ.

ಪ್ರಶ್ನೆ (ಸೋಮವಾರಪೇಟೆ):
ಅಣ್ಣ, ನಮ್ಮದು 2.5 ಲೀಟರ್ ಡಿಐ ಡೀಸೆಲ್ ಎಂಜಿನ್ ಹಾಕಿದ ಜೀಪು. ತಿಂಗಳ ಅರ್ಧದಷ್ಟು ದಿನ ಮೈಸೂರು ರಸ್ತೆಯಲ್ಲೇ ಇರುತ್ತೆ. ನಮಗೂ 4 ಗೇರೇ ಸಾಕಾ?

ಉತ್ತರ:
ನಿಮಗೆ 5 ಗೇರ್ ಅರ್ಥ ಇದೆ. ಆ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲೇ ಎಳೆಯುತ್ತದೆ, 5ನೇ ಗೇರ್ ಹೊರುತ್ತದೆ. ಆದರೆ ಬಿಡಿ ಬಾಕ್ಸ್ ಬೇಡ. ಅದೇ ಎಂಜಿನ್ ಇದ್ದ ಫೋರ್ ವೀಲ್ ಗಾಡಿಯದು, ಬೆಲ್ ಹೌಸಿಂಗ್, ಟ್ರಾನ್ಸ್‌ಫರ್ ಕೇಸ್, ಕ್ರಾಸ್ ಮೆಂಬರ್, ಎರಡೂ ಶಾಫ್ಟ್ ಸಮೇತ ಪೂರ್ತಿ ಸೆಟ್ ಸಿಕ್ಕರೆ ಮಾತ್ರ ತಗೊಳ್ಳಿ. ಇಲ್ಲದಿದ್ದರೆ ಬಾಕ್ಸಿಗಿಂತ ಲೇತ್ ಕೆಲಸಕ್ಕೇ ದುಡ್ಡು ಜಾಸ್ತಿ ಹೋಗುತ್ತದೆ. ಆರ್‌ಸಿಯಲ್ಲಿ ಗೇರ್ ಬಾಕ್ಸ್ ನಂಬರ್ ಇರುವುದಿಲ್ಲ, ನಿಜ. ಆದರೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಚಾಸಿಗೆ ಕಟಿಂಗ್, ವೆಲ್ಡಿಂಗ್ ಮಾಡಿಸುವ ಮುಂಚೆ ಆರ್‌ಟಿಓದಲ್ಲಿ ಕೇಳಿ.

ಪ್ರಶ್ನೆ (ಬೆಂಗಳೂರು):
ಸಾರ್, ಹಳೇ 1.0 ಲೀಟರ್ ಮಾರುತಿ ಜಿಪ್ಸಿಗೆ 1.3 ಲೀಟರ್ ಜಿಪ್ಸಿ ಕಿಂಗ್‌ನ 5 ಗೇರ್ ಬಾಕ್ಸ್ ಹಾಕಬಹುದಾ? ಶಿವಾಜಿನಗರದಲ್ಲಿ ಒಂದು ನೋಡಿ ಬಂದೆ.

ಉತ್ತರ:
ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಬೇರೆಯಾಗಿ ಕೂತಿರುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟ್. ಹಾಗಾಗಿ ಕೆಲಸ ಜೀಪಿಗಿಂತ ಸುಲಭ, ಆ ಶಾಫ್ಟಿನ ಉದ್ದ ಸರಿಹೊಂದಿಸಬೇಕು ಅಷ್ಟೇ. ಬೆಲ್ ಹೌಸಿಂಗ್ 1.0 ಎಂಜಿನ್ನಿನದೋ 1.3ರದೋ ಖಾತ್ರಿ ಮಾಡಿಕೊಳ್ಳಿ. ಟ್ರಾನ್ಸ್‌ಫರ್ ಕೇಸ್ ಮಾತ್ರ ನಿಮ್ಮದೇ ಇರಲಿ, ಸುಮ್ನೆ ಅದನ್ನೂ ಬದಲಿಸಬೇಡಿ. ಜಿಪ್ಸಿಯ ಮೂಲವಾದ ಸುಜುಕಿಯ 1.0 ಲೀಟರ್ ಎಸ್‌ಜೆ410ರಲ್ಲಿ ಲೋ 2.511, 1.3ರ ಸಮುರಾಯ್‌ನಲ್ಲಿ 2.268. ಸಣ್ಣ ಎಂಜಿನ್ನಿಗೆ ಮೊದಲನೆಯದೇ ಬೇಕು.

ಪ್ರಶ್ನೆ (ಮೂಡಿಗೆರೆಯವರೇ):
ಕವರ್ ಬಿಚ್ಚಿಸುತ್ತೇನೆ ಸಾರ್. ಆಯಿಲ್ ಯಾವುದು ಹಾಕಲಿ? ಅಂಗಡಿಯಲ್ಲಿ ಜಿಎಲ್5 ದರ್ಜೆಯ ಗೇರ್ ಆಯಿಲ್ ಒಳ್ಳೇದು ಅಂದರು.

ಉತ್ತರ:
ಕ್ರೌನಿಗೆ ಒಳ್ಳೆಯದು. ಗೇರ್ ಬಾಕ್ಸಿಗೆ ಜಿಎಲ್4 ಹಾಕಿ. ಜಿಎಲ್5ರಲ್ಲಿ ಗಂಧಕ ಸೇರಿದ ರಾಸಾಯನಿಕ ಜಾಸ್ತಿ ಇರುತ್ತದೆ, ಹಿತ್ತಾಳೆಯ ಸಿಂಕ್ರೋ ರಿಂಗ್ ತಿನ್ನಬಹುದು. ಹಳೇ ಆಯಿಲ್ ಇಳಿಸುವಾಗ ಬಿಳಿ ಬಟ್ಟೆ ಮೇಲೆ ಸ್ವಲ್ಪ ಸುರಿದು ನೋಡಿ. ಹಿತ್ತಾಳೆ ಪುಡಿ ಮಾತ್ರ ಬಂದರೆ ರಿಂಗ್ ಸವೆತ, ಉಕ್ಕಿನ ಚೂರು ಬಂದರೆ ಹಲ್ಲು ಅಥವಾ ಬೇರಿಂಗ್. ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.