ಹಳೆಯ ವಜ್ರದ ಒಡವೆ: ಬೆಳಗಾವಿಯ ರತ್ನ ಪರೀಕ್ಷಕರಿಗೆ ಪ್ರಶ್ನೆಗಳು

ಜಮಖಂಡಿಯ ಸದಸ್ಯೆ: ಅಜ್ಜಿಯ ಏಳು ಹರಳಿನ ಬೆಂಡೋಲೆ ನನ್ನ ಪಾಲಿಗೆ ಬಂದಿದೆ. ಹಿಂಬದಿ ಪೂರ್ತಿ ಚಿನ್ನದಿಂದ ಮುಚ್ಚಿದೆ. ಗ್ರೂಪಿನಲ್ಲಿ ಬಂದ ಸಲಹೆಯಂತೆ ಅಂಟುವಾಳದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ನೋಡಿದರೆ ಎರಡು ಹರಳು ಕಪ್ಪಾಗಿವೆ. ವಜ್ರ ಕೆಟ್ಟುಹೋಯಿತೇ?

ಪರೀಕ್ಷಕ: ಕೆಟ್ಟದ್ದು ವಜ್ರವಲ್ಲ, ಬೇಗಡೆ. ಇಂಥ ಮುಚ್ಚುಕಟ್ಟಿನಲ್ಲಿ ಹರಳಿನ ಅಡಿಗೆ ತೆಳುವಾದ ಲೋಹದ ಹಾಳೆ ಇಟ್ಟಿರುತ್ತಾರೆ. ಚಪ್ಪಟೆ ಹರಳಿಗೆ ಮೊನಚಾದ ತಳವಿಲ್ಲ. ಬಂದ ಬೆಳಕನ್ನು ಕಣ್ಣಿಗೆ ಮರಳಿಸುವುದು ಆ ಹಾಳೆ. ನೀರು ಒಳಹೊಕ್ಕರೆ ಅದು ಕಪ್ಪಾಗುತ್ತದೆ. ಈಗ ನೆರಳಿನಲ್ಲಿ, ಮೆತ್ತನೆಯ ಬಟ್ಟೆಯ ಮೇಲೆ ಒಣಗಲು ಬಿಡಿ. ಹೇರ್ ಡ್ರೈಯರ್ ಹಿಡಿಯಬೇಡಿ, ಒಳಗೆ ಅರಗು ಇದ್ದರೆ ಮೆತ್ತಗಾಗುತ್ತದೆ.

ಇನ್ನೊಂದು ಮಾತು. ಫೋಟೊ ದೊಡ್ಡದು ಮಾಡಿ ನೋಡಿದೆ. ಬಲಗಿವಿಯ ಓಲೆಯ ಸುತ್ತಿನ ಆರೂ ರೋಸ್ ಕಟ್: ತಳ ಚಪ್ಪಟೆ, ಮೇಲೆ ಮೊಗ್ಗಿನಂತೆ ತ್ರಿಕೋನ ಮುಖಗಳು. ನಡುವಿನದು ಮೂಲೆ ದುಂಡಗಾದ ಚೌಕ, ಒಳಗೆ ಸಾಸಿವೆಯಷ್ಟು ಸುತ್ತು ಕಾಣುತ್ತದೆ. ಅದು ತೂತಲ್ಲ, ತಳದ ತುದಿಯನ್ನು ಸವರಿ ಬಿಟ್ಟ ಮುಖ. ಇದು 18, 19ನೇ ಶತಮಾನಗಳಲ್ಲಿ ರೂಢಿಯಲ್ಲಿದ್ದ ಓಲ್ಡ್ ಮೈನ್ ಕಟ್. ಬೇರೆ ಒಡವೆಯಿಂದ ಬಂದು ಕುಳಿತಂತಿದೆ. ಎಡಗಿವಿಯದರಲ್ಲೂ ಹೀಗೆಯೇ ಇದೆಯೇ? ಮನೆಯ ಹಿರಿಯರನ್ನು ಕೇಳಿ.

ಗೋಕಾಕದ ಸದಸ್ಯೆ: ಹರಳನ್ನು ಪತ್ರಿಕೆಯ ಮೇಲಿಟ್ಟು ಅಕ್ಷರ ಕಂಡರೆ ಗಾಜು ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಕಳುಹಿಸಿ.

ಪರೀಕ್ಷಕ: ಯಾರಿಗೂ ಕಳುಹಿಸಬೇಡಿ. ಚಪ್ಪಟೆಯಾದ ಅಪ್ಪಟ ಪೋಲ್ಕಿಯ, ಅಂದರೆ ಮುಖ ಕೊರೆಯದ ವಜ್ರದ, ಮೂಲಕವೂ ಅಕ್ಷರ ಕಾಣುತ್ತದೆ. ಈ ಸಂದೇಶ ನಂಬಿದರೆ ಅಜ್ಜಿಯ ವಜ್ರ ಗಾಜಿನ ಬೆಲೆಗೆ ಹೋಗುತ್ತದೆ. ಸುತ್ತಿಗೆಯ ಪರೀಕ್ಷೆಯೂ ಬೇಡ. ವಜ್ರ ಗಟ್ಟಿ, ಆದರೆ ಪೆಟ್ಟು ಬಿದ್ದರೆ ಸೀಳುತ್ತದೆ.

ಚಿಕ್ಕೋಡಿಯ ಸದಸ್ಯ: ಫೋಟೊ ಹಾಕಿದ್ದೇನೆ. ಬೆಲೆ ಎಷ್ಟಾಗಬಹುದು?

ಪರೀಕ್ಷಕ: ಫೋಟೊ ನೋಡಿ ಬೆಲೆ ಹೇಳುವುದಿಲ್ಲ.

ವಿಜಯಪುರದ ಸದಸ್ಯ: ನಮ್ಮ ಪದಕ ಆದಿಲಶಾಹಿ ಕಾಲದ್ದು. ಪೋಲ್ಕಿಯೇ ಸಾಕ್ಷಿ.

ಪರೀಕ್ಷಕ: ಪೋಲ್ಕಿ ಇಂದಿಗೂ ತಯಾರಾಗುತ್ತದೆ.

ಬಾಗಲಕೋಟೆಯ ಸದಸ್ಯ: ಆದಿಲಶಾಹಿ 1686ರಲ್ಲೇ ಮುಗಿಯಿತು. ನಿಮ್ಮ ಪದಕದ ಹಿಂದೆ 916 ಎಂಬ ಈ ಕಾಲದ ಹಾಲ್‌ಮಾರ್ಕ್ ಮುದ್ರೆ ಇದೆಯಲ್ಲ?

ವಿಜಯಪುರದ ಸದಸ್ಯ: ರಿಪೇರಿ ಮಾಡಿಸಿದಾಗ ಹಾಕಿದ್ದು.

ಬಾಗಲಕೋಟೆಯ ಸದಸ್ಯ: ರಿಪೇರಿಯಲ್ಲಿ ಪದಕವನ್ನೇ ಬದಲಿಸಿದರೇನೋ!

ವಿಜಯಪುರದ ಸದಸ್ಯ: ನಿಮ್ಮ ಮನೆಯಲ್ಲಿ ಇಲ್ಲವೆಂದು ಹೊಟ್ಟೆಕಿಚ್ಚೇ?

ರಾಮದುರ್ಗದ ಸದಸ್ಯೆ: ಪ್ಲಾಟಿನಂ ಪಿನ್ ಒಂದಿದೆ, ಇಂಗ್ಲೆಂಡಿನ ಏಳನೇ ಎಡ್ವರ್ಡ್ ದೊರೆಯ ಕಾಲದ್ದು (1901–1910) ಇರಬಹುದೇ?

ಅಥಣಿಯ ಸದಸ್ಯ: ಅಜ್ಜನ ಉಂಗುರದ ಹರಳು ಮಂಕಾಗಿದೆ. ಹೊಸ ಬಗೆಯ ಕಟ್‌ಗೆ ಕೊರೆಸಲೇ?

ಪರೀಕ್ಷಕ: ಬೇಡ. ತೂಕವೂ ಹೋಗುತ್ತದೆ, ಹಳಮೆಯೂ ಹೋಗುತ್ತದೆ. ಹಳೆಯ ಕಟ್‌ನ ಹೊಳಪು ಕಾಣಲು ಒಮ್ಮೆ ಎಣ್ಣೆದೀಪದ ಮುಂದೆ ಹಿಡಿದು ನೋಡಿ.

ಚಿಕ್ಕೋಡಿಯ ಸದಸ್ಯ: ಅಂದಾಜು ಬೆಲೆಯಾದರೂ?

ಪರೀಕ್ಷಕ: ಇಲ್ಲ ಎಂದೆನಲ್ಲ.

ರಾಮದುರ್ಗದ ಸದಸ್ಯೆ: ನನ್ನ ಪಿನ್?

ವಿಜಯಪುರದ ಸದಸ್ಯ: ಮೊದಲು ಬಾಗಲಕೋಟೆಯವರು ಕ್ಷಮೆ ಕೇಳಲಿ.

ಜಮಖಂಡಿಯ ಸದಸ್ಯೆ: ಎಡಗಿವಿಯದರಲ್ಲಿ ಏಳೂ ಒಂದೇ ಬಗೆಯವು. ಅಜ್ಜಿ ಬಟ್ಟೆ ಒಗೆಯುವಾಗ ಒಂದು ಹರಳು ಕೃಷ್ಣೆಗೆ ಬಿದ್ದಿತ್ತಂತೆ. ಮುತ್ತಜ್ಜಿ ತಮ್ಮ ಮೂಗುತಿ ಬಿಚ್ಚಿ ಪತ್ತಾರರಿಗೆ ಕೊಟ್ಟರಂತೆ.

ಪರೀಕ್ಷಕ: ಒಣಗಿದ ಮೇಲೆ ಎರಡೂ ಓಲೆಗಳನ್ನು ತನ್ನಿ. ತೊಳೆಯದೆ.