ಮೊಳಕೆ ರಾಗಿ ಸರಿ ಯಾಕೆ ಗಟ್ಟಿಯಾಗುವುದಿಲ್ಲ?

ಹಾಸನದ ಹುಡುಗಿ:
ಮಗಳಿಗೆ 8 ತಿಂಗಳು. ರಾಗಿ ಮೊಳಕೆ ಬರಿಸಿ, ಒಣಗಿಸಿ, ಹಿಟ್ಟು ಮಾಡಿಸಿ ಸರಿ ಮಾಡಿದರೆ ನೀರುನೀರಾಗಿ ಬರುತ್ತದೆ. ಮಾಮೂಲಿ ಹಿಟ್ಟು ಅಷ್ಟೇ ಹಾಕಿದರೆ ಚೆನ್ನಾಗಿ ಗಟ್ಟಿಯಾಗುತ್ತದೆ. ಬೆಲ್ಲ ಹಾಕದಿದ್ದರೂ ಸ್ವಲ್ಪ ಸಿಹಿ ಬೇರೆ. ಮೊಳಕೆ ಬಂದಾಗ ಸತ್ವ ಹೋಗಿಬಿಡುತ್ತದೆ ಅಂತಾರೆ ನಮ್ಮತ್ತೆ, ನಿಜವಾ?

ಬಯೋ ಮೇಷ್ಟ್ರು:
ಹೋಗಿಲ್ಲಮ್ಮ, ತುಂಡಾಗಿದೆ. ರಾಗಿಯಲ್ಲಿ ಜಾಸ್ತಿ ಇರುವುದು ಪಿಷ್ಟ. ನೂರಾರು, ಸಾವಿರಾರು ಗ್ಲೂಕೋಸ್ ಸಾಲಾಗಿ ಸೇರಿಕೊಂಡ ಉದ್ದ ಸರಪಳಿ ಅದು. ಗಿಡ ಅದನ್ನು ಕೂಡಿಡುವುದು ಮೊಳಕೆಗಾಗಿ, ಎಲೆ ಬಿಟ್ಟು ಬಿಸಿಲಲ್ಲಿ ತಾನೇ ಸಕ್ಕರೆ ಮಾಡಿಕೊಳ್ಳುವ ತನಕ ಸಸಿಗೆ ಅದೇ ಊಟ. ಆದರೆ ಅಷ್ಟು ದೊಡ್ಡ ಅಣು ಇದ್ದ ಜಾಗದಿಂದ ಕದಲುವುದಿಲ್ಲ. ಅದಕ್ಕೇ ನೆನೆದ ಕಾಳು ಅಮೈಲೇಸ್ ಎಂಬ ಕಿಣ್ವ ತಯಾರಿಸಿ ಕತ್ತರಿಸುತ್ತದೆ, ಒಂದೊಂದು ಕೊಂಡಿ ಮುರಿಯಲೂ ಒಂದೊಂದು ನೀರಿನ ಅಣು ಬೇಕು. ಎರಡೇ ಗ್ಲೂಕೋಸ್ ಉಳಿದ ತುಂಡು ಮಾಲ್ಟೋಸ್, ನಿಮಗೆ ಸಿಹಿ ಅನಿಸುವುದು ಹೆಚ್ಚಾಗಿ ಅದೇ. ಮೊಳಕೆಯ ಉಸಿರಾಟಕ್ಕೆ ಸ್ವಲ್ಪ ಪಿಷ್ಟ ಖರ್ಚಾಗುತ್ತದೆ, ಅಷ್ಟರ ಮಟ್ಟಿಗೆ ಅತ್ತೆಯವರ ಮಾತು ಸರಿ.

ಅಡುಗೆ ಕೆಮಿಸ್ಟ್ರಿ:
ಮೇಷ್ಟ್ರೇ, ಅರ್ಧ ಕೆಲಸ ಒಲೆ ಮೇಲೇ ಆಗುವುದು ಅಲ್ವಾ? ಹಿಟ್ಟಿನಲ್ಲಿ ಕಿಣ್ವ ಇನ್ನೂ ಇರುತ್ತದೆ. 60-70 ಡಿಗ್ರಿ ಹತ್ತಿರ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಮಾಮೂಲಿ ಹಿಟ್ಟು ಗಟ್ಟಿಯಾಗುವುದೇ ಆಗ. ಮೊಳಕೆ ಹಿಟ್ಟಿನಲ್ಲಿ ಅದೇ ಹೊತ್ತಿಗೆ ಕಿಣ್ವ ಚಕಚಕ ಕತ್ತರಿಸಿಬಿಡುತ್ತದೆ. ಕುದಿ ಬಂದ ಮೇಲೆ ಕಿಣ್ವ ಕೆಡುತ್ತದೆ. ಮೊಳಕೆ ರಾಗಿಯನ್ನು ಜೋರಾಗಿ ಹುರಿದರೂ ಕಿಣ್ವ ಕೆಟ್ಟು ಸರಿ ಗಟ್ಟಿಯಾಗುತ್ತದೆ, ಹಾಗಾಗಿ ಹದವಾಗಿ ಬೆಚ್ಚಗೆ ಮಾಡಿದರೆ ಸಾಕು. ಮಗುವಿಗೆ ತೆಳ್ಳಗಿರುವುದೇ ಒಳ್ಳೆಯದು. ಹಿಟ್ಟು ಜಾಸ್ತಿ ಹಾಕಿದರೂ ನುಂಗಲು ಸುಲಭ, ಪುಟ್ಟ ಹೊಟ್ಟೆಗೆ ಒಂದೇ ಬಟ್ಟಲಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದು ಇದೇ ಲೆಕ್ಕದ ಮೇಲೆ.

ಹಾಸನದ ಹುಡುಗಿ:
ಓ, ಹಾಗಾದರೆ ಹಿಟ್ಟು ಇನ್ನೊಂದು ಚಮಚ ಹಾಕುತ್ತೇನೆ. ಈ ತುಂಡುಗಳನ್ನೆಲ್ಲ ಮಗುವಿನ ದೇಹ ಏನು ಮಾಡುತ್ತದೆ?

ಬಯೋ ಮೇಷ್ಟ್ರು:
ಕರುಳಲ್ಲಿ ಬಿಡಿ ಬಿಡಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಕೂಡಲೇ ಬೇಡವಾದದ್ದನ್ನು ಲಿವರ್, ಸ್ನಾಯುಗಳು ಮತ್ತೆ ಜೋಡಿಸಿ ಗ್ಲೈಕೋಜನ್ ಮಾಡಿಡುತ್ತವೆ. ದೊಡ್ಡವರ ಲಿವರ್‌ನಲ್ಲಿ ಸುಮಾರು 100 ಗ್ರಾಂ ಇರುತ್ತದೆ. ಜೋಡಿಸಲು ದೇಹ ಶಕ್ತಿ ಖರ್ಚು ಮಾಡಲೇಬೇಕು. ರಾತ್ರಿ ಮಲಗಿದಾಗ ಲಿವರ್ ಅದನ್ನು ಬಿಚ್ಚಿ ರಕ್ತಕ್ಕೆ ಗ್ಲೂಕೋಸ್ ಬಿಡುತ್ತದೆ. ಆಗ ಹೆಚ್ಚಿನ ಕೊಂಡಿ ಮುರಿಯುವುದು ನೀರಿನಿಂದಲ್ಲ, ಫಾಸ್ಫೇಟಿನಿಂದ. ಇದನ್ನು ಬಿಡಿಸಿ ತೋರಿಸಿದ ಗೆರ್ಟಿ ಕೋರಿ, ಕಾರ್ಲ್ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು.