ಸಹಾಯ ಬೇಕು: ಮಗಳು ಪಾಸ್‌ವರ್ಡ್ ಗೆಳತಿಗೆ ಕೊಡ್ತಾಳೆ, ಹೇಗೆ ಹೇಳೋದು?

ಎಲ್ಲರಿಗೂ ನಮಸ್ಕಾರ. ಮಗಳಿಗೆ 13 ತುಂಬಿದ ಮೇಲೇ ಇನ್‌ಸ್ಟಾಗ್ರಾಮ್ ಮಾಡಿಕೊಟ್ಟೆವು. ಮೊನ್ನೆ ಅವಳ ಕಂಪಾಸ್ ಬಾಕ್ಸ್ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿತ್ತು, ಅದರಲ್ಲಿ ಗೆಳತಿಯ ಪಾಸ್‌ವರ್ಡ್. ಇಬ್ಬರೂ ಅದಲುಬದಲು ಮಾಡಿಕೊಂಡಿದ್ದಾರೆ. ಇವಳದ್ದೋ, ಹೆಸರು, ಮುಂದೆ ಹುಟ್ಟಿದ ವರ್ಷ, ಅಷ್ಟೇ. ಜೊತೆಗೆ ಕೂತು ಉದ್ದದ ಹೊಸ ಪಾಸ್‌ವರ್ಡ್ ಇಟ್ಟೆವು, ಲಾಗಿನ್‌ಗೆ ಒಟಿಪಿಯನ್ನೂ ಹಾಕಿದೆವು. ಎರಡೇ ದಿನಕ್ಕೆ ಎರಡೂ ಗೆಳತಿಗೆ ಹೋಯಿತು. ಬ್ಯಾಂಕ್ ಒಟಿಪಿ ಯಾರಿಗೂ ಹೇಳಬಾರದು ಅಂತ ಇವಳಿಗೆ ಚೆನ್ನಾಗಿ ಗೊತ್ತು, ಆದರೆ ಇದು ಬೇರೆ ಅಂತೆ. "ಕೊಡದಿದ್ರೆ ಅವಳನ್ನ ನಂಬಲ್ಲ ಅಂತಾಗುತ್ತೆ ಅಮ್ಮಾ" ಅಂತ ಕಣ್ಣು ತುಂಬಿಕೊಂಡಳು. ಬೈಯೋಕೆ ಮನಸ್ಸಾಗಲಿಲ್ಲ. ಫೋನ್ ಕಿತ್ತುಕೊಂಡರೆ ನಾಳೆ ಏನಾದರೂ ಆದಾಗ ನನ್ನ ಹತ್ತಿರ ಹೇಳೋದನ್ನೇ ಬಿಟ್ಟುಬಿಡ್ತಾಳೆ ಅನ್ನೋ ಭಯ ಜಾಸ್ತಿ. ಗೆಳೆತನ ಕೆಡದ ಹಾಗೆ 'ಪಾಸ್‌ವರ್ಡ್ ಕೊಡಲ್ಲ' ಅನ್ನೋಕೆ ಅವಳಿಗೆ ಯಾವ ಮಾತು ಹೇಳಿಕೊಡಲಿ? ನಿಮ್ಮ ಮನೇಲಿ ಏನು ಹೇಳಿದಿರಿ?